ನಾಲ್ಕೂವರೆಯ ಹಸಿವಿಗೆ ಡಬ್ಬಿಯಲ್ಲಿ ಏನಿರಬೇಕು?

ಪ್ರಶ್ನೆ: ನಾನು ಅಂಕೋಲಾದವಳು, ವಯಸ್ಸು 38. ಕಾರವಾರದ ಒಂದು ಕಚೇರಿಯಲ್ಲಿ ಕೆಲಸ. ಬೆಳಿಗ್ಗೆ ಎಂಟರ ಬಸ್ಸು ಹಿಡಿದರೆ ಮನೆ ಸೇರುವುದು ಸಂಜೆ ಏಳಕ್ಕೆ. ಗಡಿಬಿಡಿಯಲ್ಲಿ ಬೆಳಗಿನ ತಿಂಡಿ ಅರ್ಧಂಬರ್ಧ. ಹನ್ನೊಂದಕ್ಕೆ ಕ್ಯಾಂಟೀನಿನ ವಡೆಯೋ ಸಮೋಸವೋ, ನಾಲ್ಕೂವರೆಗೆ ಟೀ-ಬಿಸ್ಕತ್ತು, ವಾಪಸು ಬರುವಾಗ ಬಸ್ಸಿನಲ್ಲಿ ಚಿಪ್ಸ್. 13 ಮತ್ತು 8 ವರ್ಷದ ಮಕ್ಕಳು ಶಾಲೆಯಿಂದ ಬಂದವರೇ ಪ್ಯಾಕೆಟ್ ಒಡೆಯುತ್ತಾರೆ. ಅತ್ತೆಗೆ ಸಕ್ಕರೆ ಕಾಯಿಲೆ, ಅವರಿಗೆ ಮಾರಿ ಬಿಸ್ಕತ್ತೇ ಆಧಾರ. ಹೋದ ತಿಂಗಳು ನನ್ನ ಹಿಮೋಗ್ಲೋಬಿನ್ 10.2 ಬಂತು, ಡಾಕ್ಟರು ಕಬ್ಬಿಣದ ಮಾತ್ರೆ ಬರೆದುಕೊಟ್ಟಿದ್ದಾರೆ. ತೂಕವೂ ಏರುತ್ತಿದೆ. ನಾವು ಮೀನು, ಮೊಟ್ಟೆ ತಿನ್ನುತ್ತೇವೆ. ದಿನಾ ತಿಂಡಿ ಮಾಡುತ್ತ ಕೂರಲು ಸಮಯ ಇಲ್ಲ. ರುಚಿ ಇಲ್ಲದಿದ್ದರೆ ಮಕ್ಕಳು ಮುಟ್ಟುವುದಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ನಾನು ಪೆನ್ನಿನಿಂದ ಗೆರೆ ಎಳೆದದ್ದು ಒಂದೇ ಮಾತಿಗೆ: "ಬೆಳಗಿನ ತಿಂಡಿ ಅರ್ಧಂಬರ್ಧ." ನಾಲ್ಕೂವರೆಯ ಬಿಸ್ಕತ್ತು, ಬಸ್ಸಿನ ಚಿಪ್ಸ್ ಎಲ್ಲದರ ಬೇರು ಅಲ್ಲೇ ಇದೆ. ಏಳೂವರೆಗೆ ಒಂದು ದೋಸೆ ಬಾಯಿಗೆ ತುರುಕಿಕೊಂಡು ಓಡಿದರೆ ಹನ್ನೊಂದಕ್ಕೆ ಹೊಟ್ಟೆ ಕೂಗದೆ ಇರುತ್ತದಾ? ಆಗ ಎಣ್ಣೆ ವಡೆ ತಿಂದರೆ ಒಂದೂವರೆಗೆ ಊಟ ಸೇರುವುದಿಲ್ಲ. ಊಟ ಕಡಿಮೆಯಾಯಿತು ಅಂದರೆ ನಾಲ್ಕೂವರೆಗೆ ಕೈಗೆ ಸಿಕ್ಕಿದ್ದು ಒಳಗೆ ಹೋಗುತ್ತದೆ. ಇದರಲ್ಲಿ ನಿಮ್ಮನ್ನು ನೀವು ಬೈದುಕೊಳ್ಳುವಂಥದ್ದು ಏನೂ ಇಲ್ಲ. ಹಸಿದ ಹೊಟ್ಟೆಗೆ ಆರಿಸುವ ತಾಳ್ಮೆ ಇರುವುದಿಲ್ಲ, ಯಾರಿಗೂ ಇರುವುದಿಲ್ಲ. ಅದಕ್ಕೇ ಆರಿಸುವ ಕೆಲಸವನ್ನು ಹೊಟ್ಟೆ ತುಂಬಿದ್ದಾಗ, ಮನೆಯಲ್ಲಿ, ಭಾನುವಾರವೇ ಮುಗಿಸಿಬಿಡಬೇಕು. ನಾನು ಮುಂದೆ ಹೇಳುವುದೆಲ್ಲ ಇದರ ಸುತ್ತಲೇ.

ನಾನು ಶಿರಸಿ ಕಡೆಯ ಹಳ್ಳಿಯಲ್ಲಿ ಬೆಳೆದವಳು. ಈಗ ಕುಮಟಾದಲ್ಲಿ ಆಹಾರ ಸಲಹೆ ಕೊಡುವ ಕೆಲಸ. "ಯಾವ ತಿಂಡಿ ಒಳ್ಳೆಯದು?" ಎಂದು ಯಾರೇ ಕೇಳಲಿ, ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ: ಅದು ತಿಂದರೆ ಹೊಟ್ಟೆ ಎಷ್ಟು ಹೊತ್ತು ತಡೆಯುತ್ತದೆ? ಅರ್ಧ ಗಂಟೆಗೆ ಮತ್ತೆ ಬಾಯಾಡಿಸಬೇಕು ಅನ್ನಿಸಿದರೆ ಅದು ತಿಂಡಿಯ ಕೆಲಸ ಮಾಡಲಿಲ್ಲ ಎಂದು ಅರ್ಥ. ಎರಡು ಗಂಟೆ, ಎರಡೂವರೆ ಗಂಟೆ ನಿಂತರೆ ಸರಿ. ಮೈದಾ ಮತ್ತು ಸಕ್ಕರೆ ಬೇಗ ಕರಗಿ ರಕ್ತಕ್ಕೆ ಸೇರುತ್ತವೆ, ಬೇಗ ಇಳಿಯುತ್ತವೆ. ಕಾಳು, ಶೇಂಗಾ, ಮೊಟ್ಟೆ, ಮೊಸರು ಇಂಥವುಗಳಲ್ಲಿ ಪ್ರೋಟೀನ್ ಇದೆ. ಕಾಳು ಮತ್ತು ಹಣ್ಣಿನಲ್ಲಿ ನಾರು ಇದೆ. ಇವು ಹೊಟ್ಟೆಯಲ್ಲಿ ನಿಧಾನ ಕರಗುತ್ತವೆ, ಅದಕ್ಕೆ ತಡೆಯುತ್ತವೆ.

ಒಂದು ಲೆಕ್ಕ ಹೇಳುತ್ತೇನೆ. ನಾಲ್ಕು ಮಾರಿ ಬಿಸ್ಕತ್ತಿನಲ್ಲಿ ಸುಮಾರು 100 ಕ್ಯಾಲೊರಿ, ಪ್ರೋಟೀನ್ 2 ಗ್ರಾಂ ಕೂಡ ಇಲ್ಲ. ಒಂದು ಮುಷ್ಟಿ ಶೇಂಗಾ, ಅಂದರೆ 30 ಗ್ರಾಂನಲ್ಲಿ ಸುಮಾರು 170 ಕ್ಯಾಲೊರಿ, ಪ್ರೋಟೀನ್ 7 ಗ್ರಾಂ. "ಹಾಗಾದರೆ ಶೇಂಗಾದಲ್ಲೇ ಕ್ಯಾಲೊರಿ ಜಾಸ್ತಿ ಆಯ್ತಲ್ಲ" ಎಂದು ತೂಕದ ಚಿಂತೆ ಇದ್ದವರು ನನ್ನನ್ನು ಹಿಡಿದು ನಿಲ್ಲಿಸುತ್ತಾರೆ. ನಿಜ, ಜಾಸ್ತಿ. ಆದರೆ ಬಿಸ್ಕತ್ತು ನಾಲ್ಕಕ್ಕೆ ನಿಂತ ದಿನ ನೆನಪಿದೆಯಾ? ನಾಲ್ಕು ತಿಂದು, ಮತ್ತೆರಡು ತಿಂದು, ಬಸ್‌ಸ್ಟ್ಯಾಂಡಿನಲ್ಲಿ ಚಿಪ್ಸ್ ತಗೊಂಡು, ಮನೆಗೆ ಬಂದು ಅಡಿಗೆ ಮಾಡುತ್ತ ಮಕ್ಕಳ ತಟ್ಟೆಯಿಂದ ಒಂದಿಷ್ಟು. ಶೇಂಗಾ ತಿಂದ ದಿನ ಈ ಸರಪಳಿ ಶುರುವಾಗುವುದೇ ಇಲ್ಲ. ತೂಕ ಇಳಿಯುವುದು ಅಲ್ಲಿ.

ಶೇಂಗಾಕ್ಕೆ ನಿಮ್ಮೂರಿನವರು ದೂರ ಹೋಗಬೇಕಿಲ್ಲ. ಭತ್ತ ಕೊಯ್ದ ಮೇಲೆ ಕರಾವಳಿಯ ಮರಳು ಗದ್ದೆಗಳಲ್ಲಿ ಶೇಂಗಾ ಬಿತ್ತುವುದನ್ನು ನೀವೇ ನೋಡಿರುತ್ತೀರಿ. ಭಾನುವಾರ ಅರ್ಧ ಕಿಲೋ ಹಸಿ ಬೀಜ ತೆಗೆದುಕೊಳ್ಳಿ. ಮೊದಲು ಮೊರಕ್ಕೆ ಹಾಕಿ, ಬೆಳಕಿಗೆ ಕೂತು ಆರಿಸಿ. ಈ ಹೆಜ್ಜೆಯನ್ನು ದಯವಿಟ್ಟು ಬಿಡಬೇಡಿ. ನಮ್ಮ ಕಡೆ ಗಾಳಿಯಲ್ಲೇ ನೀರಿದೆ, ಶೇಂಗಾಕ್ಕೆ ಬೂಷ್ಟು ಹಿಡಿಯಲು ಹೆಚ್ಚು ದಿನ ಬೇಡ. ಬೂಷ್ಟು ಹಿಡಿದ ಬೀಜದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟಬಹುದು, ಅದು ಯಕೃತ್ತಿಗೆ ಕೆಟ್ಟದ್ದು. ಹುರಿದರೂ ಪೂರ್ತಿ ಹೋಗುವುದಿಲ್ಲ. ಸುಕ್ಕಾದದ್ದು, ಕಪ್ಪು ಬಿದ್ದದ್ದು, ಹಸಿರು ಪುಡಿ ಅಂಟಿದ್ದು ಎಲ್ಲ ಎಸೆಯಿರಿ. ತಿನ್ನುವಾಗ ಒಂದು ಬೀಜ ಕಹಿ ಬಂತು ಅಂದರೆ ನುಂಗದೆ ಉಗಿಯಿರಿ, ಮಕ್ಕಳಿಗೂ ಇದನ್ನು ಕಲಿಸಿ.

ಆಮೇಲೆ ದಪ್ಪ ತಳದ ಕಬ್ಬಿಣದ ಬಾಣಲೆ, ಸಣ್ಣ ಉರಿ, ಎಣ್ಣೆ ಬೇಡವೇ ಬೇಡ. ಕೈ ಬಿಡದೆ ಆಡಿಸುತ್ತಿರಬೇಕು. ಮೊದಲ ಐದು ನಿಮಿಷ ಏನೂ ಆಗುವುದಿಲ್ಲ, ಆಗಲೇ ಜನ ಉರಿ ದೊಡ್ಡದು ಮಾಡಿ ಹೊರಗೆ ಕರಕಲು, ಒಳಗೆ ಹಸಿ ಮಾಡಿಬಿಡುತ್ತಾರೆ. ತಾಳ್ಮೆ ಇರಲಿ. ಹತ್ತು ನಿಮಿಷದ ಹೊತ್ತಿಗೆ ಚಿಟಿಚಿಟಿ ಸದ್ದು ಬರುತ್ತದೆ, ಸಿಪ್ಪೆಯ ಮೇಲೆ ಅಲ್ಲಲ್ಲಿ ಕಂದು ಚುಕ್ಕೆ ಕಾಣುತ್ತದೆ. ಒಂದು ಬೀಜ ತೆಗೆದು ಬೆರಳಲ್ಲಿ ತಿಕ್ಕಿ. ಸಿಪ್ಪೆ ಉದುರಿ, ಬೀಜ ಹೋಳಾಗಿ, ಒಳಗೆ ತೆಳು ಹೊಂಬಣ್ಣ ಇದ್ದರೆ ಒಲೆ ಆರಿಸಿ. ಬಾಣಲೆಯ ಬಿಸಿಗೇ ಉಳಿದದ್ದು ಆಗುತ್ತದೆ. ಪೂರ್ತಿ ಆರಿದ ಮೇಲೆ ಸ್ಟೀಲ್ ಡಬ್ಬಿಗೆ ತುಂಬಿ. ಬಿಸಿ ಇರುವಾಗಲೇ ಮುಚ್ಚಳ ಹಾಕಿದರೆ ಒಳಗೆ ಬೆವರಿ ಮೆತ್ತಗಾಗುತ್ತದೆ. ಇದರ ಜೊತೆಗೆ ಕಾಲು ಕಿಲೋ ಹುರಿಗಡಲೆ ಬೆರೆಸಿಟ್ಟರೆ ನಿಮಗೆ ವಾರದ ಬಸ್ಸಿನ ತಿಂಡಿ ಮುಗಿಯಿತು. ಹುರಿಗಡಲೆಯಲ್ಲಿ 100 ಗ್ರಾಂಗೆ ಸುಮಾರು 20 ಗ್ರಾಂ ಪ್ರೋಟೀನ್ ಇದೆ, ಶೇಂಗಾದಷ್ಟು ಎಣ್ಣೆ ಇಲ್ಲ. ತೂಕಕ್ಕೂ ಅನುಕೂಲ.

ಒಂದು ಮಾತು. ಡಬ್ಬಿಯನ್ನೇ ಬಸ್ಸಿಗೆ ಒಯ್ಯಬೇಡಿ, ಒಂದು ಮುಷ್ಟಿಯಷ್ಟನ್ನು ಪುಟ್ಟ ಡಬ್ಬಿಗೆ ಹಾಕಿಕೊಳ್ಳಿ. ಶೇಂಗಾ ಎಷ್ಟು ಒಳ್ಳೆಯದೋ ಅಷ್ಟೇ ಬೇಗ ಖಾಲಿಯಾಗುವ ಪದಾರ್ಥ, ಅಲ್ವಾ?

ಈಗ ನಿಮ್ಮ ಹಿಮೋಗ್ಲೋಬಿನ್ ವಿಚಾರ. ನಿಮ್ಮ ವಯಸ್ಸಿನ ಹೆಂಗಸರಿಗೆ ಇದು 12 ಇರಬೇಕು. ನಿಮ್ಮದು 10.2. ನೀವು ಒಬ್ಬರೇ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆ. ಇಷ್ಟು ಕಡಿಮೆ ಇರುವಾಗ ತಿಂಡಿಯಿಂದಲೇ ಸರಿ ಮಾಡಿಕೊಳ್ಳುತ್ತೇನೆ ಎಂದು ಹೊರಡಬೇಡಿ. ಡಾಕ್ಟರು ಕೊಟ್ಟ ಮಾತ್ರೆಯನ್ನು ಅವರು ಹೇಳಿದಷ್ಟು ದಿನ ಪೂರ್ತಿ ತೆಗೆದುಕೊಳ್ಳಿ. ಮಲ ಕಪ್ಪಾಯಿತು, ಹೊಟ್ಟೆ ಕಟ್ಟಿತು ಎಂದು ಸುಮ್ನೆ ಬಿಟ್ಟುಬಿಡುವವರೇ ಜಾಸ್ತಿ. ಬಿಡಬೇಡಿ, ತೊಂದರೆಯಾದರೆ ಅವರಿಗೇ ಹೇಳಿ, ಬೇರೆ ಮಾತ್ರೆ ಕೊಡುತ್ತಾರೆ. ಮುಟ್ಟಿನಲ್ಲಿ ರಕ್ತ ಹೆಚ್ಚು ಹೋಗುತ್ತದಾ ಎಂಬುದನ್ನೂ ಮುಚ್ಚಿಡದೆ ಹೇಳಿ. ಸೋರುವ ಕೊಡಕ್ಕೆ ಎಷ್ಟು ನೀರು ಹೊಯ್ದರೇನು.

ತಿಂಡಿ ಈ ಮಾತ್ರೆಗೆ ಸಹಾಯ ಮಾಡಬಹುದು, ತೊಂದರೆಯನ್ನೂ ಮಾಡಬಹುದು. ಟೀಯಲ್ಲಿರುವ ಒಗರು, ಅಂದರೆ ಟ್ಯಾನಿನ್, ಆಹಾರದ ಕಬ್ಬಿಣಾಂಶ ಮೈಗೆ ಹತ್ತದಂತೆ ಮಾಡುತ್ತದೆ. ನಮ್ಮಲ್ಲಿ ತಿಂಡಿ ಎಂದರೆ ಟೀ ಜೊತೆಗೇ. ಇದನ್ನು ಬೇರೆ ಮಾಡಿ. ಕಾಳು ತಿಂದು ಒಂದು ಗಂಟೆ ಬಿಟ್ಟು ಟೀ ಕುಡಿಯಿರಿ, ಇಲ್ಲವೇ ಟೀ ಮೊದಲು ಮುಗಿಸಿ ಒಂದು ಗಂಟೆ ಆದಮೇಲೆ ತಿನ್ನಿ. ಮಾತ್ರೆಯನ್ನು ಟೀ ಅಥವಾ ಹಾಲಿನ ಜೊತೆ ನುಂಗಬೇಡಿ. ಇದಕ್ಕೆ ತಿರುಗಿ, ನಿಂಬೆ, ನೆಲ್ಲಿ, ಪೇರಲೆಯಲ್ಲಿರುವ ಸಿ ವಿಟಮಿನ್ ಕಬ್ಬಿಣವನ್ನು ಹೀರಿಕೊಳ್ಳಲು ನೆರವಾಗುತ್ತದೆ. ಕಾಳಿನ ಮೇಲೆ ಅರ್ಧ ಹೋಳು ನಿಂಬೆ ಹಿಂಡುವುದು ರುಚಿಗಷ್ಟೇ ಎಂದು ತಿಳಿಯಬೇಡಿ. ಮೀನು ತಿನ್ನುವ ಮನೆ ನಿಮ್ಮದು, ಭಾನುವಾರ ಬೆಳಚು ಸಿಕ್ಕರೆ ಬಿಡಬೇಡಿ. ಚಿಪ್ಪಿನ ಮಾಂಸದ ಕಬ್ಬಿಣ ಕಾಳಿನದಕ್ಕಿಂತ ಚೆನ್ನಾಗಿ ಮೈಗೆ ಹತ್ತುತ್ತದೆ.

ಹನ್ನೊಂದು ಗಂಟೆಗೆ ನನ್ನ ಆಯ್ಕೆ ಉಸ್ಲಿ. ನೀವು ಮಾಡುವುದು ಗೊತ್ತೇ ಇದೆ, ಸಮಯ ಹೇಗೆ ಉಳಿಸುವುದು ಎಂದಷ್ಟೇ ಹೇಳುತ್ತೇನೆ. ಹೆಸರುಕಾಳು ಬೆಳಿಗ್ಗೆ ಹೊರಡುವಾಗ ನೆನೆಸಿಡಿ. ಸಂಜೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿ. ನಮ್ಮ ಸೆಕೆಗೆ ರಾತ್ರಿ ಕಳೆಯುವುದರೊಳಗೆ ಮೊಳಕೆ ಇಣುಕಿರುತ್ತದೆ. ಬೆಳಿಗ್ಗೆ ಐದು ನಿಮಿಷ ಹಬೆಯಲ್ಲಿ ಬೇಯಿಸಿ, ಸಾಸಿವೆ, ಒಣಮೆಣಸು, ಕರಿಬೇವಿನ ಒಗ್ಗರಣೆ, ಮೇಲೆ ಒಂದು ಹಿಡಿ ಕಾಯಿತುರಿ. ಹಸಿ ಮೊಳಕೆಯನ್ನೇ ಡಬ್ಬಿಗೆ ತುಂಬಬೇಡಿ. ಮೊಳಕೆ ಬರುವ ಬೆಚ್ಚಗಿನ ಒದ್ದೆಯಲ್ಲೇ ರೋಗಾಣುವೂ ಬೆಳೆಯುತ್ತದೆ, ಕರಾವಳಿಯ ಬಿಸಿಲಲ್ಲಿ ಮೂರು ತಾಸು ಚೀಲದಲ್ಲಿ ಕೂತರೆ ಕೇಳುವುದೇ ಬೇಡ. ಬೇಯಿಸಿದ್ದಕ್ಕೂ ಹಸಿ ಕಾಯಿತುರಿ ಹಾಕಿದರೆ ಹನ್ನೊಂದಕ್ಕೇ ತಿಂದು ಮುಗಿಸಿ, ಸಂಜೆಗೆ ಇಡಬೇಡಿ. ವಾರದಲ್ಲಿ ಎರಡು ದಿನ ಹೆಸರು, ಒಂದು ದಿನ ಅಳಸಂದೆ, ಒಂದು ದಿನ ಕಡಲೆ ಮಾಡಿದರೆ ಬೇಸರ ಬರುವುದಿಲ್ಲ. ಬೆಳಿಗ್ಗೆ ಐದು ನಿಮಿಷವೂ ಸಿಗದ ದಿನ ಬೇಯಿಸಿದ ಎರಡು ಮೊಟ್ಟೆ ಸಾಕು. ಒಂದರಲ್ಲಿ 6 ಗ್ರಾಂ ಪ್ರೋಟೀನ್. ಕಾಳುಮೆಣಸಿನ ಪುಡಿ ಮತ್ತು ಉಪ್ಪನ್ನು ಕಾಗದದಲ್ಲಿ ಪೊಟ್ಟಣ ಕಟ್ಟಿ ಇಟ್ಟುಕೊಳ್ಳಿ.

ಅವಲಕ್ಕಿಯ ಬಗ್ಗೆ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ನಮ್ಮ ಜಿಲ್ಲೆಯಲ್ಲಿ ಅವಲಕ್ಕಿ ಇಲ್ಲದ ಮನೆ ಇಲ್ಲ. ತೆಳು ಅವಲಕ್ಕಿ ಕಲಸುವುದಕ್ಕೆ ಒಲೆಯೂ ಬೇಡ. ಕಾಯಿತುರಿ, ಚೂರು ಬೆಲ್ಲ, ಉಪ್ಪು, ಮೆಣಸು-ಕೊತ್ತಂಬರಿ-ಜೀರಿಗೆ ಹುರಿದು ಮಾಡಿದ ಪುಡಿ. ಇವನ್ನು ಮೊದಲು ಕೈಯಲ್ಲಿ ಚೆನ್ನಾಗಿ ಹಿಸುಕಿ, ಕಾಯಿ ಹಾಲು ಬಿಟ್ಟು ಬೆಲ್ಲ ಕರಗಿದ ಮೇಲೆ ಅವಲಕ್ಕಿ ಸೇರಿಸಿ. ಹತ್ತು ನಿಮಿಷ ಬಿಟ್ಟರೆ ಆ ಪಸೆಗೇ ಹದವಾಗಿ ನೆನೆಯುತ್ತದೆ. ಇದರ ರುಚಿಗೆ ಯಾವ ಪ್ಯಾಕೆಟ್ಟೂ ಸಾಟಿಯಾಗುವುದಿಲ್ಲ. ಆದರೆ ಅವಲಕ್ಕಿ ಎಂದರೆ ಅಕ್ಕಿಯೇ. ಅದೊಂದನ್ನೇ ತಿಂದರೆ ಹೊಟ್ಟೆ ತಡೆಯುವುದಿಲ್ಲ. 50 ಗ್ರಾಂ ಅವಲಕ್ಕಿಯಲ್ಲಿ ಪ್ರೋಟೀನ್ 3-4 ಗ್ರಾಂ ಅಷ್ಟೇ. ಹಾಗಾಗಿ ಎರಡು ಚಮಚ ಹುರಿದ ಶೇಂಗಾ ತರಿತರಿ ಮಾಡಿ ಸೇರಿಸಿ, ಇಲ್ಲವೇ ಮೊಸರಿನಲ್ಲಿ ಕಲಸಿ. ಮಕ್ಕಳಿಗೆ ಶಾಲೆಯಿಂದ ಬಂದ ಕೂಡಲೇ ಮೊಸರವಲಕ್ಕಿ ಮೇಲೆ ಒಂದು ಪುಟ್ಟಬಾಳೆ ಹೆಚ್ಚಿ ಹಾಕಿ ಕೊಡಿ. ಅತ್ತೆಯವರು ಎರಡು ನಿಮಿಷದಲ್ಲಿ ಮಾಡಿಕೊಡಬಹುದು.

ಮಕ್ಕಳ ವಿಷಯದಲ್ಲಿ ನನ್ನ ಅನುಭವ ಏನೆಂದರೆ, ಅವರು ಪ್ಯಾಕೆಟ್ ಇಷ್ಟ ಎಂದು ಒಡೆಯುತ್ತಾರೆ ಅನ್ನುವುದಕ್ಕಿಂತ, ಅದು ಕೈಗೆಟಕುತ್ತದೆ ಎಂದು ಒಡೆಯುತ್ತಾರೆ. ನಾಲ್ಕು ಗಂಟೆಗೆ ಚೀಲ ಬಿಸಾಡಿ ಅಡಿಗೆಮನೆಗೆ ಬಂದ ಹುಡುಗ ಮೊದಲು ಕಂಡದ್ದನ್ನು ತಿನ್ನುತ್ತಾನೆ. ಆ ಜಾಗದಲ್ಲಿ ಬೇರೆ ಡಬ್ಬಿ ಇಡಿ. 13 ವರ್ಷದವರು ಬೆಳೆಯುವ ವಯಸ್ಸಿನಲ್ಲಿದ್ದಾರೆ, ಅವರಿಗೆ ನಿಜವಾಗಿಯೂ ಹಸಿವು ಜಾಸ್ತಿ. ಒಂದು ಹಣ್ಣು ಕೊಟ್ಟು ಸುಮ್ಮನಿರಿಸಲು ಆಗುವುದಿಲ್ಲ. ಸಂಜೆ ಆಟಕ್ಕೆ ಹೋಗುವ ಮಕ್ಕಳಿಗೆ ಒಂದು ಮೊಟ್ಟೆ ಹಾಕಿದ ದೋಸೆಯೋ, ಚಟ್ನಿ ಜೊತೆ ಎರಡು ಇಡ್ಲಿಯೋ ಬೇಕು. ಬೆಳಿಗ್ಗೆ ಉಳಿದ ದೋಸೆ ಹಿಟ್ಟು ಇದ್ದರೆ ಅದೇ ಅವರ ಸಂಜೆಯ ತಿಂಡಿ. ದೊಡ್ಡ ಮಗುವಿಗೆ ದೋಸೆ ಹೊಯ್ಯಲು ಕಲಿಸಿ. ಗಂಡಾಗಲಿ ಹೆಣ್ಣಾಗಲಿ, ಹದಿಮೂರಕ್ಕೆ ಖಂಡಿತ ಬರುತ್ತದೆ.

ಮಕ್ಕಳಿಗೂ ನಿಮಗೂ ಸೇರಿ ಒಂದು ಸಿಹಿ ಇರಲಿ. ಎರಡು ಲೋಟ ಹುರಿದ ಶೇಂಗಾ, ಅಂದರೆ ಸುಮಾರು 300 ಗ್ರಾಂ. ಅದಕ್ಕೆ 75 ಗ್ರಾಂ ಹುರಿದ ಎಳ್ಳು, 150 ಗ್ರಾಂ ಬೆಲ್ಲ. ಶೇಂಗಾ ಎಣ್ಣೆ ಬಿಡುವ ತನಕ ಮಿಕ್ಸಿಗೆ ಬಿಟ್ಟುಬಿಟ್ಟು ತಿರುಗಿಸಿ, ಕೊನೆಗೆ ಎಳ್ಳು, ಬೆಲ್ಲ ಹಾಕಿ ಒಂದು ಸುತ್ತು. ಪಾಕ ಬೇಡ, ತುಪ್ಪವೂ ಬೇಡ, ಆ ಎಣ್ಣೆಗೇ ಉಂಡೆ ನಿಲ್ಲುತ್ತದೆ. ನಿಂಬೆಹಣ್ಣಿಗಿಂತ ಸ್ವಲ್ಪ ಚಿಕ್ಕದು ಕಟ್ಟಿದರೆ ಇಪ್ಪತ್ತೊಂದು ಆಗುತ್ತವೆ. ಒಂದರಲ್ಲಿ ಸುಮಾರು 130 ಕ್ಯಾಲೊರಿ, 4 ಗ್ರಾಂ ಪ್ರೋಟೀನ್, 7 ಗ್ರಾಂ ಬೆಲ್ಲ. ದಿನಕ್ಕೆ ಒಂದು. "ಬೆಲ್ಲ ಆದ್ರೆ ಎಷ್ಟು ತಿಂದ್ರೂ ತೊಂದ್ರೆ ಇಲ್ಲ" ಎಂಬ ಮಾತು ನಮ್ಮ ಕಡೆ ತುಂಬ ಚಾಲ್ತಿಯಲ್ಲಿದೆ, ಶಿರಸಿ-ಸಿದ್ದಾಪುರದ ಜೋನಿಬೆಲ್ಲದ ಮೇಲಂತೂ ಎಲ್ಲರಿಗೂ ಪ್ರೀತಿ. ನನಗೂ ಇದೆ. ಆದರೆ ಬೆಲ್ಲವೂ ಮುಕ್ಕಾಲು ಪಾಲಿಗಿಂತ ಹೆಚ್ಚು ಸಕ್ಕರೆಯೇ. ದಿನಕ್ಕೆ ಸೇರಿಸಿದ ಸಕ್ಕರೆ 25 ಗ್ರಾಂ ಒಳಗಿದ್ದರೆ ಉತ್ತಮ ಎನ್ನುವ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಬೆಲ್ಲವನ್ನೂ ಕೂಡಿಸಬೇಕು. ನಿಮ್ಮ ಟೀಗೆ ಹಾಕುವ ಸಕ್ಕರೆಯನ್ನೂ. ಒಂದು ಚಮಚ ಎಂದರೆ 4 ಗ್ರಾಂ. ದಿನಕ್ಕೆ ನಾಲ್ಕು ಟೀ, ಒಂದೊಂದಕ್ಕೆ ಎರಡು ಚಮಚ ಆದರೆ ಅಲ್ಲಿಗೇ 32 ಆಯಿತು. ಟೀಯ ಸಕ್ಕರೆ ಅರ್ಧ ಮಾಡಿ, ಆಗ ಉಂಡೆಗೆ ಜಾಗ ಸಿಗುತ್ತದೆ.

ಪ್ಯಾಕೆಟ್ಟೇ ಬೇಡ ಎಂದು ನಾನು ಹೇಳುವುದಿಲ್ಲ, ಅದು ನಡೆಯುವ ಮಾತಲ್ಲ. ಶನಿವಾರ ಒಂದು ಪ್ಯಾಕೆಟ್, ಎಲ್ಲರೂ ಕೂತು ಹಂಚಿಕೊಂಡು ತಿನ್ನಿ. ಆದರೆ ಒಡೆಯುವ ಮುಂಚೆ ದೊಡ್ಡ ಮಗುವಿನ ಕೈಯಲ್ಲಿ ಹಿಂಬದಿ ಓದಿಸಿ. ಪದಾರ್ಥಗಳ ಪಟ್ಟಿಯಲ್ಲಿ ಯಾವುದು ಹೆಚ್ಚು ಇದೆಯೋ ಅದನ್ನೇ ಮೊದಲು ಬರೆಯಬೇಕು ಎಂಬುದು ಕಾನೂನು. ಮುಂದೆ ದೊಡ್ಡದಾಗಿ ರಾಗಿ, ಓಟ್ಸ್, ಮಲ್ಟಿಗ್ರೇನ್ ಎಂದಿರುತ್ತದೆ. ಹಿಂದೆ ಮೊದಲ ಹೆಸರೇ "ರಿಫೈನ್ಡ್ ವೀಟ್ ಫ್ಲೋರ್", ಅಂದರೆ ಮೈದಾ. ಎರಡನೆಯದು ಸಕ್ಕರೆ, ಮೂರನೆಯದು ಪಾಮ್ ಎಣ್ಣೆ, ರಾಗಿ ಎಲ್ಲೋ ಕೊನೆಗೆ ಶೇಕಡಾ ಐದೋ ಆರೋ. ನಾನು ಎಷ್ಟೋ ಮಕ್ಕಳ ಕೈಯಲ್ಲಿ ಹೀಗೆ ಓದಿಸಿದ್ದೇನೆ. ತಮ್ಮನ್ನು ಮೋಸ ಮಾಡಿದ್ದಾರೆ ಎಂದು ಅವರಿಗೆ ಸಿಟ್ಟು ಬರುತ್ತದೆ, ಆ ಸಿಟ್ಟು ನಮ್ಮ ಬುದ್ಧಿಮಾತಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಹಾಲಿಗೆ ಬೆರೆಸುವ ಪುಡಿಗಳೂ ಹಾಗೇ. ಇಂಥ ಪಾನೀಯಗಳನ್ನು "ಹೆಲ್ತ್ ಡ್ರಿಂಕ್" ಎಂಬ ಪಟ್ಟಿಯಲ್ಲಿ ಮಾರಬೇಡಿ ಎಂದು ಕೇಂದ್ರ ಸರ್ಕಾರ 2024ರಲ್ಲಿ ಆನ್‌ಲೈನ್ ಅಂಗಡಿಗಳಿಗೆ ಹೇಳಬೇಕಾಯಿತು. ಪೆಟ್ಟಿಗೆಯ ಹಣ್ಣಿನ ರಸ 200 ಮಿಲಿ ಕುಡಿದರೆ ಐದಾರು ಚಮಚ ಸಕ್ಕರೆ ಹೊಟ್ಟೆಗೆ ಹೋಗುತ್ತದೆ. ಬೇಸಿಗೆಯಲ್ಲಿ ಮನೆಯಲ್ಲೇ ಮುರುಗಲು ಹಣ್ಣಿನ ಪಾನಕವನ್ನು ಉಪ್ಪು, ಜೀರಿಗೆ, ಚೂರೇ ಬೆಲ್ಲ ಹಾಕಿ ಮಾಡಿಡಿ. ಹುಳಿಯೇ ಅದರ ರುಚಿ, ಸಿಹಿ ಜಾಸ್ತಿ ಬೇಕಾಗುವುದಿಲ್ಲ.

ನಮ್ಮೂರಿನದು ಎಂಬ ಒಂದೇ ಕಾರಣಕ್ಕೆ ಎಲ್ಲವೂ ಒಳ್ಳೆಯದಾಗುವುದಿಲ್ಲ ಎಂದೂ ಹೇಳಬೇಕು. ಬಾಳೆಕಾಯಿ ಚಿಪ್ಸ್, ಹಲಸಿನ ಚಿಪ್ಸ್ ಕೂಡ ಎಣ್ಣೆಯಲ್ಲಿ ಕರಿದದ್ದೇ, ಉಪ್ಪೂ ಇದೆ. ಬನ್ಸ್ ಮೈದಾ ಮತ್ತು ಸಕ್ಕರೆಯದು. ಇವು ಹಬ್ಬಕ್ಕೆ, ನೆಂಟರು ಬಂದಾಗ, ಬಾಯಿಗೆ ಬೇಕೆನಿಸಿದಾಗ. ಆಗ ಸಂತೋಷವಾಗಿ ತಿನ್ನಿ, ದಿನಚರಿ ಮಾಡಿಕೊಳ್ಳಬೇಡಿ. ಮಳೆಗಾಲದಲ್ಲಿ ಕರಿದದ್ದಕ್ಕೆ ಬದಲು ಹಲಸಿನ ಹಪ್ಪಳವನ್ನು ಕೆಂಡದ ಮೇಲೋ ಗ್ಯಾಸಿನ ಮೇಲೋ ಸುಟ್ಟು, ಕಾಯಿಚೂರು ಜೊತೆ ತಿನ್ನಿ. ನಮ್ಮ ಮನೆಯಲ್ಲಿ ಜಡಿಮಳೆಯ ಸಂಜೆ ಎಂದರೆ ಇದೇ. ಹಪ್ಪಳದಲ್ಲಿ ಉಪ್ಪು ಇರುತ್ತದೆ, ಬಿಪಿ ಇದ್ದವರು ಎರಡಕ್ಕೆ ನಿಲ್ಲಿಸಬೇಕು.

ಡಬ್ಬಿ ಮರೆತ ದಿನ? ಅಂಥ ದಿನಗಳು ಬರುತ್ತವೆ. ಕಾರವಾರದಲ್ಲಿ ಇಡ್ಲಿ-ಸಾಂಬಾರು ಎಲ್ಲೂ ಸಿಗುತ್ತದೆ, ಅದು ಮೊದಲ ಆಯ್ಕೆ. ಭಾಜಿ-ಪಾವ್ ಅಂಗಡಿಯಲ್ಲಿ ಬಟಾಣಿಯೋ ಕಡಲೆಯೋ ಇರುವ ಭಾಜಿ ತಗೊಂಡು, ಪಾವ್ ಒಂದಕ್ಕೆ ನಿಲ್ಲಿಸಿ. ಎರಡು ಬಾಳೆಹಣ್ಣು ಮತ್ತು ಒಂದು ಲೋಟ ಮಜ್ಜಿಗೆಯೂ ಆಗುತ್ತದೆ. ಸಮೋಸವೇ ತಿನ್ನಬೇಕಾದರೆ ಎಣ್ಣೆಯ ಮೇಲೆ ಕಣ್ಣಿಡಿ. ಕಪ್ಪಾಗಿ, ಮಂದವಾಗಿ, ನೊರೆ ಬರುತ್ತಿದ್ದರೆ ಅದನ್ನು ಎಷ್ಟೋ ಸಲ ಕಾಯಿಸಿ ಆಗಿದೆ. ಪದೇ ಪದೇ ಕಾಯಿಸಿದ ಎಣ್ಣೆಯಲ್ಲಿ ಹುಟ್ಟುವ ಕೆಟ್ಟ ಅಂಶ ಶೇಕಡಾ 25 ದಾಟಿದರೆ ಆ ಎಣ್ಣೆ ಬಳಸುವಂತಿಲ್ಲ ಎಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮವೇ ಇದೆ. ಅಂಗಡಿಯಲ್ಲಿ ನಿಂತು ಅಳೆಯಲು ನಮ್ಮ ಹತ್ತಿರ ಯಂತ್ರ ಇರುವುದಿಲ್ಲ, ಕಣ್ಣು ಮೂಗು ಇವೆಯಲ್ಲ.

ಅತ್ತೆಯವರ ಮಾರಿ ಬಿಸ್ಕತ್ತು. ಇದು ನನ್ನನ್ನು ತುಂಬ ಕಾಡುವ ವಿಷಯ. ಸಿಹಿ ಕಡಿಮೆ ಅನ್ನಿಸುವುದರಿಂದ ಅದು ಸಕ್ಕರೆ ಕಾಯಿಲೆಯವರ ಬಿಸ್ಕತ್ತು ಎಂದು ಮನೆಮನೆಯಲ್ಲೂ ನಂಬಿದ್ದಾರೆ. 100 ಗ್ರಾಂ ಮಾರಿಯಲ್ಲಿ 20 ಗ್ರಾಂ ಆಸುಪಾಸು ಸಕ್ಕರೆ ಇರುತ್ತದೆ, ಉಳಿದದ್ದು ಬಹುಪಾಲು ಮೈದಾ. ಅವರಿಗೆ ಹುರಿಗಡಲೆ, ಒಂದು ಬಟ್ಟಲು ಉಸ್ಲಿ, ಎಳೆಸೌತೆ, ಒಗ್ಗರಣೆ ಹಾಕಿದ ಮಜ್ಜಿಗೆ ಒಳ್ಳೆಯದು. ಹಲ್ಲು ಸರಿ ಇಲ್ಲದಿದ್ದರೆ ಹುರಿಗಡಲೆ ಪುಡಿಯನ್ನು ಮಜ್ಜಿಗೆಯಲ್ಲಿ ಕದಡಿ ಕೊಡಿ, ಚಿಟಿಕೆ ಜೀರಿಗೆ ಪುಡಿ ಇರಲಿ. ಒಂದು ಎಚ್ಚರಿಕೆ ಮಾತ್ರ. ಅವರು ಇನ್ಸುಲಿನ್ ಅಥವಾ ಸಕ್ಕರೆಯನ್ನು ಜೋರಾಗಿ ಇಳಿಸುವ ಮಾತ್ರೆ ತಗೊಳ್ಳುತ್ತಿದ್ದರೆ ಸಂಜೆಯ ತಿಂಡಿಯನ್ನು ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ಬೆವರು, ನಡುಕ, ಕಣ್ಣು ಕತ್ತಲೆ ಬಂದರೆ ಆಗ ಹುರಿಗಡಲೆ ಕೆಲಸಕ್ಕೆ ಬರುವುದಿಲ್ಲ. ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕೂಡಲೇ ಕುಡಿಸಬೇಕು. ಇದು ಮನೆಯಲ್ಲಿ ಮಕ್ಕಳಿಗೂ ಗೊತ್ತಿರಲಿ, ನೀವು ಬರುವುದು ಏಳಕ್ಕೆ ತಾನೆ.

ಹಣ್ಣಿಗೆ ಋತು ನೋಡಿ ನಡೆಯಿರಿ. ಮೇ ತಿಂಗಳಲ್ಲಿ ನಿಮ್ಮೂರಲ್ಲಿ ಕರಿ ಈಶಾಡ ಮಾವು ಬರುತ್ತದೆ. 2023ರಲ್ಲಿ ಭೌಗೋಳಿಕ ಗುರುತು ಪಡೆದ ಹಣ್ಣು ಅದು. ತೆಳು ಸಿಪ್ಪೆ, ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿದರೆ ಕಾರವಾರ ಮುಟ್ಟುವಾಗ ರಸವಾಗಿರುತ್ತದೆ. ಅದನ್ನು ಮನೆಗೇ ಇಟ್ಟುಕೊಳ್ಳಿ, ಒಬ್ಬರಿಗೆ ಒಂದು. ಚೀಲಕ್ಕೆ ಬಾಳೆಹಣ್ಣು, ಪೇರಲೆ, ಚಿಕ್ಕು ಆಗುತ್ತದೆ. ಪೇರಲೆ ಸಿಕ್ಕ ದಿನ ಅದೇ ಇರಲಿ, ನಿಮ್ಮ ಕಬ್ಬಿಣದ ಲೆಕ್ಕಕ್ಕೆ ಅದಕ್ಕಿಂತ ಒಳ್ಳೆಯ ಜೊತೆ ಇಲ್ಲ.

ಇನ್ನು ನಾನು ಮೊದಲು ಗೆರೆ ಎಳೆದ ಮಾತಿಗೆ ಬರುತ್ತೇನೆ. ಬೆಳಿಗ್ಗೆ ಕೂತು ತಿನ್ನಲು ಆಗದಿದ್ದರೆ ತಿಂಡಿಯನ್ನು ಎರಡು ಭಾಗ ಮಾಡಿ. ಏಳೂವರೆಗೆ ಒಂದು ದೋಸೆ ಮನೆಯಲ್ಲಿ. ಇನ್ನೊಂದಕ್ಕೆ ದಪ್ಪಗೆ ಶೇಂಗಾ ಚಟ್ನಿ ಸವರಿ ಮಡಚಿ ಬಾಳೆಲೆಯಲ್ಲಿ ಸುತ್ತಿಕೊಳ್ಳಿ, ಕಚೇರಿ ಮುಟ್ಟಿದ ಕೂಡಲೇ ಕೂತು ತಿನ್ನಿ. ನಮ್ಮ ಕರಾವಳಿಯಲ್ಲಿ ಗದ್ದೆ ಕೆಲಸದವರು ಬೆಳಗಿನ ಚಾ ಕುಡಿದು ಹೋಗಿ, ಹತ್ತರ ಹೊತ್ತಿಗೆ ಕುಚ್ಚಲಕ್ಕಿ ಗಂಜಿ ಉಣ್ಣುತ್ತಿದ್ದರಲ್ಲ, ಅದೂ ಹೀಗೇ ಎರಡು ಭಾಗದ ತಿಂಡಿ. ಇದೊಂದನ್ನು ಎರಡು ವಾರ ಮಾಡಿ ನೋಡಿ. ಹನ್ನೊಂದರ ವಡೆ ತಾನಾಗಿ ಬೇಡವಾಗುತ್ತದೆ.

ಕೊನೆಗೆ ಚೀಲದ ಮಾತು. ಹಿಂದೊಮ್ಮೆ ಜುಲೈನಲ್ಲಿ ಶಿರಸಿಯಿಂದ ಕುಮಟಾಕ್ಕೆ ಬರುವಾಗ ದೇವಿಮನೆ ಘಾಟಿನಲ್ಲಿ ಮರ ಬಿದ್ದು ನಮ್ಮ ಬಸ್ಸು ಮೂರು ತಾಸು ನಿಂತಿತು. ಹತ್ತಿರ ಅಂಗಡಿಯಿಲ್ಲ, ಹೊರಗೆ ಮಳೆ. ನನ್ನ ಚೀಲದಲ್ಲಿದ್ದ ಶೇಂಗಾ ಡಬ್ಬಿ ಹಿಂದಿನ ಸೀಟಿನ ತನಕ ಹೋಗಿ ಬಂತು. ಅಂದಿನಿಂದ ಮಳೆಗಾಲಕ್ಕೆ ನನ್ನ ಚೀಲದಲ್ಲಿ ಎರಡು ಡಬ್ಬಿ, ಒಂದು ದಿನದ್ದು, ಒಂದು ಮುಟ್ಟದೆ ಇಡುವುದು. ಹೆದ್ದಾರಿಯಲ್ಲಿ ಓಡಾಡುವ ನಿಮಗೂ ಇದು ಬೇಕು. ರಬ್ಬರ್ ಇರುವ ಬಿಗಿ ಮುಚ್ಚಳದ ಡಬ್ಬಿ ಆಗಲಿ, ತಳಕ್ಕೆ ಒಂದು ತುಂಡು ಒಣ ಕಾಗದ ಹಾಕಿ, ಹದಿನೈದು ದಿನಕ್ಕೊಮ್ಮೆ ಹಳೆಯದನ್ನು ತಿಂದು ಹೊಸದು ತುಂಬಿ. ಈ ಭಾನುವಾರ ಶೇಂಗಾ ಒಂದರಿಂದಲೇ ಶುರು ಮಾಡಿ, ಉಂಡೆ ಮುಂದಿನ ವಾರ ಕಟ್ಟಿದರಾಯಿತು.